ನೀರು ಕೆಟ್ಟಿದೆ ಎಂಬ ವರದಿ ಮೊದಲು ಯಾರ ಕೈ ಸೇರಬೇಕು?

ಮಂಗಳೂರಿಗೆ ನೇತ್ರಾವತಿಯ ನೀರೆತ್ತುವ ತುಂಬೆಯಲ್ಲಿ ಪಂಪು ದುರಸ್ತಿಗೆ ನಿಂತರೆ ಅಥವಾ ಮುಖ್ಯ ಕೊಳವೆ ಎಲ್ಲಾದರೂ ಒಡೆದರೆ, ಮಂಗಳೂರಿನ ಪತ್ರಿಕೆಗಳ ಸ್ಥಳೀಯ ಪುಟದಲ್ಲಿ ಪ್ರಕಟಣೆ ತಪ್ಪುವುದಿಲ್ಲ. ಯಾವ ಯಾವ ವಾರ್ಡಿಗೆ ನೀರಿಲ್ಲ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಇಲ್ಲ ಎಂಬುದೆಲ್ಲ ಅದರಲ್ಲಿರುತ್ತದೆ. ಪಕ್ಕದ ಕಾಲಮ್ಮಿನಲ್ಲಿ ಮೆಸ್ಕಾಂ ಫೀಡರುಗಳ ಹೆಸರು ಸಮೇತ ವಿದ್ಯುತ್ ನಿಲುಗಡೆಯ ವಿವರ ಕೊಟ್ಟಿರುತ್ತದೆ. ಬೇಸಿಗೆಯಲ್ಲಿ ಬಜೆ ಅಣೆಕಟ್ಟಿನ ನೀರು ತಳ ಹಿಡಿದಾಗ ಉಡುಪಿಯವರಿಗೂ ಹೀಗೆಯೇ ಸರದಿಯ ಪಟ್ಟಿ ಸಿಗುತ್ತದೆ. 2019ರ ಮೇ ತಿಂಗಳಲ್ಲಿ ಎರಡೂ ನಗರಗಳು ಒಟ್ಟಿಗೆ ಬಾಯಾರಿದಾಗ ಇಂತಹ ಪ್ರಕಟಣೆಗಳನ್ನು ನೋಡಿಯೇ ಜನ ಬಟ್ಟೆ ಒಗೆಯುವ ದಿನ ನಿಗದಿ ಮಾಡಿಕೊಂಡದ್ದು.

ಆದರೆ 'ನಿಮ್ಮ ಬಡಾವಣೆಯ ನಳ್ಳಿ ನೀರಿನ ಮಾದರಿಯಲ್ಲಿ ಇ. ಕೋಲಿ (ಮಲದ ಸೋಂಕನ್ನು ತೋರಿಸುವ ಬ್ಯಾಕ್ಟೀರಿಯಾ) ಕಂಡುಬಂದಿದೆ, ಮುಂದಿನ ಸೂಚನೆಯವರೆಗೆ ಕುದಿಸಿ ಕುಡಿಯಿರಿ' ಎಂಬ ಪ್ರಕಟಣೆಯನ್ನು ನಾನಂತೂ ಕಂಡ ನೆನಪಿಲ್ಲ. ನೀರು ಎಂದೂ ಕೆಡಲಿಲ್ಲ, ಆದ್ದರಿಂದ ಹೇಳಬೇಕಾದ ಪ್ರಸಂಗ ಬರಲಿಲ್ಲ ಎಂದು ನಂಬುವುದಕ್ಕೆ ಜೂನ್ ತಿಂಗಳ ಮೊದಲ ವಾರ ನಳ್ಳಿ ತಿರುಗಿಸಿದ ಯಾರೂ ಸಿದ್ಧರಿರಲಾರರು. ಪರೀಕ್ಷೆ ನಡೆಯುವುದೇ ಇಲ್ಲ ಎಂದು ದೂರುವುದೂ ಸರಿಯಲ್ಲ. ಪರೀಕ್ಷೆ ನಡೆಯುತ್ತದೆ, ವರದಿಯೂ ಬರುತ್ತದೆ. ಆ ವರದಿ ಮಿತಿ ಮೀರಿದೆ ಎಂದಾದಾಗ ಅದನ್ನು ಯಾರು, ಯಾರಿಗೆ, ಎಷ್ಟು ಗಂಟೆಯೊಳಗೆ ತಿಳಿಸಬೇಕು ಎಂಬುದನ್ನು ನಮ್ಮ ಕಾನೂನು ಕಟ್ಟುನಿಟ್ಟಾಗಿ ಹೇಳಿಲ್ಲ. ಈ ಲೇಖನದ ತಕರಾರು ಅಷ್ಟರ ಮೇಲೆಯೇ.

ನೀರಿನ ಪರೀಕ್ಷಾ ವರದಿಯೊಂದನ್ನು ಕೈಗೆತ್ತಿಕೊಂಡು ನೋಡಿ. ಎಡಗಡೆ ಪರೀಕ್ಷಿಸಿದ ಅಂಶಗಳ ಪಟ್ಟಿ: ಪಿಎಚ್, ಕಲಕು, ಗಡಸುತನ, ಕ್ಲೋರೈಡ್, ನೈಟ್ರೇಟ್, ಕಬ್ಬಿಣ, ಇ. ಕೋಲಿಯೂ ಸೇರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ. ಪಕ್ಕದಲ್ಲಿ ಭಾರತೀಯ ಮಾನಕ ಬ್ಯೂರೋದ ಐಎಸ್ 10500ರ ಪ್ರಕಾರ ಎರಡು ಮಿತಿಗಳು. ಒಂದು ಸ್ವೀಕಾರಾರ್ಹ ಮಿತಿ, ಇನ್ನೊಂದು ಬೇರೆ ಮೂಲವೇ ಇಲ್ಲದಾಗ ಸಹಿಸಿಕೊಳ್ಳಬಹುದಾದ ಮಿತಿ. ಕ್ಲೋರೈಡಿಗೆ ಲೀಟರಿಗೆ 250 ಮಿಲಿಗ್ರಾಂ, ಗತಿಯಿಲ್ಲದಿದ್ದರೆ 1000. ನೈಟ್ರೇಟಿಗೆ 45, ಅದರಲ್ಲಿ ರಿಯಾಯಿತಿ ಇಲ್ಲ. ಇ. ಕೋಲಿ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಕೂಡದು. ಕೊನೆಯಲ್ಲಿ 'ಕುಡಿಯಲು ಯೋಗ್ಯ' ಅಥವಾ 'ಯೋಗ್ಯವಲ್ಲ' ಎಂಬ ಷರಾ, ಸಹಿ, ಮೊಹರು. ಅದಕ್ಕೂ ಕೆಳಗೆ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಸಾಲಿರುತ್ತದೆ: ಈ ಫಲಿತಾಂಶ ತಂದುಕೊಟ್ಟ ಮಾದರಿಗೆ ಮಾತ್ರ ಅನ್ವಯ. ವರದಿ ಹೋಗುವುದೂ ಮಾದರಿ ತಂದುಕೊಟ್ಟವರಿಗೆ ಮಾತ್ರ.

ಇದು ಪ್ರಯೋಗಾಲಯದವರ ಉದಾಸೀನವಲ್ಲ. ಮಾನ್ಯತೆ ಪಡೆದ ಪ್ರಯೋಗಾಲಯಗಳು ಪಾಲಿಸಬೇಕಾದ ಐಎಸ್ಒ 17025 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಗ್ರಾಹಕನ ಮಾಹಿತಿಯನ್ನು ಗುಟ್ಟಾಗಿ ಇಡಬೇಕು ಎನ್ನುತ್ತದೆ. ಗ್ರಾಹಕನೇ ಒಪ್ಪಿದರೆ ಅಥವಾ ಕಾನೂನು ಕೇಳಿದರೆ ಮಾತ್ರ ಹೊರಗಿನವರಿಗೆ ಕೊಡಬಹುದು. ಕಾನೂನು ಕೇಳದಿದ್ದರೆ? ಕದ್ರಿಯ ಒಂದು ವಸತಿ ಸಮುಚ್ಚಯವೋ ಮಣಿಪಾಲದ ಒಂದು ಹಾಸ್ಟೆಲೋ ತನ್ನ ಬಾವಿಯ ನೀರನ್ನು ಪರೀಕ್ಷೆಗೆ ಕೊಟ್ಟು, ಕೆಟ್ಟ ವರದಿ ಬಂದರೆ ಅದನ್ನು ಮಡಚಿ ಕಪಾಟಿನಲ್ಲಿಟ್ಟು, ಇನ್ನೊಂದು ಮಾದರಿಯನ್ನು ಇನ್ನೊಂದು ಪ್ರಯೋಗಾಲಯಕ್ಕೆ ಕಳಿಸಬಹುದು. ಯಾರೂ ತಡೆಯಲಾರರು.

ಈ ಗುಟ್ಟಿಗೆ ಎಷ್ಟು ಬೆಲೆ ತೆರಬೇಕಾದೀತು ಎಂಬುದಕ್ಕೆ ಕೆನಡಾದ ವಾಕರ್ಟನ್ ಊರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆಂಟೇರಿಯೊ ಪ್ರಾಂತದ ಸುಮಾರು 4,800 ಜನರ ಪಟ್ಟಣವದು. ಕುಂದಾಪುರಕ್ಕಿಂತಲೂ ಚಿಕ್ಕದು. 2000ದ ಮೇ ತಿಂಗಳ ಎರಡನೇ ವಾರ ಅಲ್ಲಿ ಜೋರು ಮಳೆ ಬಂತು. ಪಕ್ಕದ ಹೊಲದ ಸಗಣಿ ಗೊಬ್ಬರದ ಅಂಶ ಊರಿಗೆ ನೀರು ಕೊಡುತ್ತಿದ್ದ ಆಳವಿಲ್ಲದ ಐದನೇ ಬಾವಿಗೆ ಇಳಿಯಿತು. ಮೇ 15ರಂದು ತೆಗೆದ ಮಾದರಿಗಳ ಫಲಿತಾಂಶ 17ರಂದೇ ಬಂತು: ಇ. ಕೋಲಿ ಇದೆ. ಖಾಸಗಿ ಪ್ರಯೋಗಾಲಯ ಅದನ್ನು ಫ್ಯಾಕ್ಸ್ ಮಾಡಿದ್ದು ನೀರು ಸರಬರಾಜು ಕಚೇರಿಗೆ ಮಾತ್ರ. ಅಲ್ಲಿಯ ವ್ಯವಸ್ಥಾಪಕ ಅದನ್ನು ಯಾರಿಗೂ ಹೇಳಲಿಲ್ಲ. ಎರಡು ದಿನ ಕಳೆದು, ಮಕ್ಕಳು ರಕ್ತಭೇದಿಯಿಂದ ಆಸ್ಪತ್ರೆ ಸೇರತೊಡಗಿದಾಗ ಆರೋಗ್ಯ ಇಲಾಖೆಯವರೇ ಫೋನ್ ಮಾಡಿ ವಿಚಾರಿಸಿದರು. ನೀರು ಸರಿ ಇದೆ ಎಂಬ ಉತ್ತರ ಬಂತು. ಕೊನೆಗೆ 21ರಂದು ಆರೋಗ್ಯ ಇಲಾಖೆ ತನ್ನದೇ ಅನುಮಾನದ ಮೇಲೆ ನೀರು ಕುದಿಸಿ ಕುಡಿಯಿರಿ ಎಂದು ಸಾರಿತು. ಅಷ್ಟರಲ್ಲಿ ಊರಿನ ಬಹಳಷ್ಟು ಜನ ಆ ನೀರು ಕುಡಿದಾಗಿತ್ತು. ಒಟ್ಟು 2,300ಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು, 7 ಮಂದಿ ಸತ್ತರು.

ಸರಬರಾಜು ಕಚೇರಿಯವರು ಕ್ಲೋರಿನ್ ಅಳೆಯದೆಯೇ ಪುಸ್ತಕದಲ್ಲಿ ಮನಸ್ಸಿಗೆ ಬಂದ ಅಂಕಿ ಬರೆಯುತ್ತಿದ್ದರು ಎಂಬುದು ನಂತರದ ವಿಚಾರಣೆಯಲ್ಲಿ ಬಯಲಾಯಿತು. ಅವರಿಗೆ ಶಿಕ್ಷೆಯೂ ಆಯಿತು. ಆದರೆ ನ್ಯಾಯಮೂರ್ತಿ ಡೆನಿಸ್ ಓ'ಕಾನರ್ ಅವರ ವಿಚಾರಣಾ ಆಯೋಗ ಕಳ್ಳನನ್ನು ಹಿಡಿದು ಸುಮ್ಮನಾಗಲಿಲ್ಲ. ಅದು ಎತ್ತಿ ತೋರಿಸಿದ ಇನ್ನೊಂದು ಲೋಪವೇ ನಮಗೆ ಮುಖ್ಯ. 1996ರಲ್ಲಿ ಸರ್ಕಾರ ನೀರಿನ ಪರೀಕ್ಷೆಯ ಕೆಲಸವನ್ನು ಖಾಸಗಿ ಪ್ರಯೋಗಾಲಯಗಳಿಗೆ ಬಿಟ್ಟುಕೊಟ್ಟಿತ್ತು. ಕೆಟ್ಟ ಫಲಿತಾಂಶ ಬಂದರೆ ಪರಿಸರ ಸಚಿವಾಲಯಕ್ಕೂ ಆರೋಗ್ಯಾಧಿಕಾರಿಗೂ ತಿಳಿಸಬೇಕು ಎಂಬ ಕಾನೂನನ್ನು ಮಾತ್ರ ಮಾಡಿರಲಿಲ್ಲ. ಮಾರ್ಗಸೂಚಿಯಲ್ಲಿ ಅಂಥದ್ದೊಂದು ಮಾತಿತ್ತು, ಪಾಲಿಸದಿದ್ದರೆ ಕೇಳುವವರಿರಲಿಲ್ಲ. ಪ್ರಯೋಗಾಲಯ ವರದಿಯನ್ನು ತನ್ನ ಗ್ರಾಹಕನ ಸೊತ್ತು ಎಂದೇ ಭಾವಿಸಿತ್ತು. ದುರಂತ ನಡೆದ ಮೂರೇ ತಿಂಗಳಲ್ಲಿ ಆಂಟೇರಿಯೊ ನಿಯಮ ತಂದು ಪ್ರಯೋಗಾಲಯಗಳ ಮೇಲೇ ತಿಳಿಸುವ ಹೊಣೆ ಹೊರಿಸಿತು. ಸರಬರಾಜುದಾರ ಮುಚ್ಚಿಟ್ಟರೂ ಸುದ್ದಿ ಹೊರಬರಲು ಎರಡನೇ ದಾರಿ ತೆರೆಯಿತು.

ಆಯೋಗದ ಇನ್ನೊಂದು ಲೆಕ್ಕಾಚಾರವನ್ನು ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ವರದಿ ಕೂಡಲೇ ಆರೋಗ್ಯ ಇಲಾಖೆಗೆ ಮುಟ್ಟಿ, 19ರಂದೇ ಎಚ್ಚರಿಕೆ ಹೊರಟಿದ್ದರೆ ಮುನ್ನೂರು ನಾನೂರು ಜನ ಕಾಯಿಲೆಯಿಂದ ಪಾರಾಗುತ್ತಿದ್ದರು, ಆದರೆ ಸಾವುಗಳು ಬಹುಶಃ ತಪ್ಪುತ್ತಿರಲಿಲ್ಲ ಎಂದಿತು ಆಯೋಗ. ಇಡೀ ಅನಾಹುತವನ್ನೇ ತಡೆಯಬಹುದಾಗಿದ್ದುದು ಬಾವಿಯ ಬಳಿ ಕ್ಲೋರಿನ್ ಮತ್ತು ಕಲಕನ್ನು ಎಡೆಬಿಡದೆ ಅಳೆಯುವ ಉಪಕರಣ. ಅಂದರೆ ತಿಳಿಸುವ ನಿಯಮ ಸರ್ವರೋಗ ನಿವಾರಕವಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ನಮ್ಮಲ್ಲಿ ಏನಿದೆ? 1974ರ ಜಲ ಮಾಲಿನ್ಯ ಕಾಯ್ದೆಯ 31ನೇ ಕಲಮು ಓದಿದರೆ ಅಚ್ಚರಿಯಾಗುತ್ತದೆ. ಕಾರ್ಖಾನೆಯಿಂದ ಅಪಘಾತವಾಗಿ ವಿಷಕಾರಿ ವಸ್ತು ಹೊಳೆಗೋ ಬಾವಿಗೋ ಸೇರಿ ನೀರು ಕೆಡುವಂತಾದರೆ, ಅಲ್ಲಿಯ ಹೊಣೆಗಾರ ತಕ್ಷಣ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು. ಒಳಚರಂಡಿ ನಡೆಸುವ ಸ್ಥಳೀಯ ಸಂಸ್ಥೆಗೂ ಇದೇ ಕಟ್ಟಳೆ. ನೀರಿಗೆ ಕೊಳೆ ಸೇರಿಸಿದವನು ಬಾಯಿ ಬಿಡಬೇಕು ಎಂದು ಐವತ್ತು ವರ್ಷಗಳ ಹಿಂದೆಯೇ ಬರೆದಾಗಿದೆ. ಆ ಕೊಳೆ ಸೇರಿದ ನೀರನ್ನು ಮನೆಮನೆಗೆ ಮುಟ್ಟಿಸುವವನ ಬಗ್ಗೆ ಅಂಥ ಕಲಮು ಕಾಣುವುದಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 28ನೇ ಕಲಮಿನ ಪ್ರಕಾರ, ತನ್ನ ಸರಕು ಕಾಯ್ದೆಗೆ ಅನುಗುಣವಾಗಿಲ್ಲ ಎಂದು ಗೊತ್ತಾದ ತಯಾರಕ ಅದನ್ನು ಹಿಂದಕ್ಕೆ ಪಡೆದು ಅಧಿಕಾರಿಗಳಿಗೆ ತಿಳಿಸಬೇಕು. ಪೊಟ್ಟಣ ಕಟ್ಟಿದ ಕುಡಿಯುವ ನೀರು ಆ ಕಾಯ್ದೆಯ ಲೆಕ್ಕದಲ್ಲಿ ಆಹಾರ. ಹಂಪನಕಟ್ಟೆಯ ಅಂಗಡಿಯ ನೀರಿನ ಬಾಟಲಿಗೆ ಇರುವ ರಕ್ಷಣೆ ಅದೇ ಅಂಗಡಿಯ ಹಿಂಬದಿಯ ನಳ್ಳಿಗಿಲ್ಲ. ಐಎಸ್ 10500 ಕೂಡ ಸರಬರಾಜು ಸಂಸ್ಥೆಗಳ ಪಾಲಿಗೆ ಸ್ವಯಂ ಪಾಲನೆಯ ಮಾನದಂಡ. ಮೀರಿದರೆ ದಂಡವಿಲ್ಲ.

ಗ್ರಾಮೀಣ ಭಾಗದ ಸ್ಥಿತಿ ಈ ವಿಷಯದಲ್ಲಿ ನಗರಕ್ಕಿಂತ ವಾಸಿ ಎನ್ನಬೇಕು. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಹಳ್ಳಿಗೆ ಐದು ಮಹಿಳೆಯರಂತೆ ತರಬೇತಿ ಕೊಟ್ಟು, ಕೈಗೆ ಪರೀಕ್ಷಾ ಕಿಟ್ ಕೊಟ್ಟಿತು. ಅದರಲ್ಲಿ ಒಂದು ಪುಟ್ಟ ಬಾಟಲಿ ಇರುತ್ತದೆ. ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿಟ್ಟರೆ ಒಂದೆರಡು ದಿನದಲ್ಲಿ ಒಳಗಿನ ದ್ರವ ಮಸಿಯ ಹಾಗೆ ಕಪ್ಪಾದರೆ ಮಲದ ಸೋಂಕು ಇದೆ ಎಂದರ್ಥ. ಓದು ಬಾರದವರಿಗೂ ಅರ್ಥವಾಗುವ ವರದಿ. ಪ್ರಯೋಗಾಲಯದ ಫಲಿತಾಂಶಗಳನ್ನು ಒಂದು ರಾಷ್ಟ್ರೀಯ ಜಾಲತಾಣಕ್ಕೆ ಏರಿಸುವ ಏರ್ಪಾಡೂ ಇದೆ. ಆದರೆ ಇದೆಲ್ಲ ಯೋಜನೆಯೊಂದರ ಮಾರ್ಗಸೂಚಿ. ವಾಕರ್ಟನ್‌ನಲ್ಲಿ ಇದ್ದದ್ದೂ ಮಾರ್ಗಸೂಚಿಯೇ. ಮಹಾನಗರ ಪಾಲಿಕೆ, ನಗರಸಭೆಗಳಂತೂ ಇದರ ವ್ಯಾಪ್ತಿಗೇ ಬರುವುದಿಲ್ಲ.

ಇನ್ನು ಮಾಹಿತಿ ಯಾರ ಬಳಿ ಇದೆ ಎಂದು ನೋಡಿ. ನಳ್ಳಿ ನೀರಿನ ಫಲಿತಾಂಶ ಸರಬರಾಜು ಮಾಡುವ ಎಂಜಿನಿಯರ್ ಬಳಿ. ನದಿ, ತೋಡುಗಳದ್ದು ಮಾಲಿನ್ಯ ನಿಯಂತ್ರಣ ಮಂಡಳಿಯ ಬಳಿ. ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಎಷ್ಟು ಬಂತು ಎಂಬ ಲೆಕ್ಕ ಆರೋಗ್ಯ ಇಲಾಖೆಯ ರೋಗ ಕಣ್ಗಾವಲು ಘಟಕದ ಬಳಿ. ಮೂರೂ ಕಡೆ ಕೆಲಸ ಗೊತ್ತಿರುವವರಿದ್ದಾರೆ. ಒಬ್ಬರ ಕಡತ ಇನ್ನೊಬ್ಬರ ಮೇಜಿಗೆ ಬರುವುದು ಜಿಲ್ಲಾಧಿಕಾರಿ ಸಭೆ ಕರೆದಾಗ. ಜಿಲ್ಲಾಧಿಕಾರಿ ಸಭೆ ಕರೆಯುವುದು ಜನ ಆಸ್ಪತ್ರೆ ಸೇರಿ, ಪತ್ರಿಕೆಯಲ್ಲಿ ಬಂದ ಮೇಲೆ.

2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜಾರಿ ಮಂದಾರ ಎಂಬಲ್ಲಿಯ ಮನೆ, ತೋಟ, ದೈವಸ್ಥಾನಗಳನ್ನು ನುಂಗಿದ್ದನ್ನು ಮಂಗಳೂರಿನವರು ಮರೆತಿಲ್ಲ. ಕಸ ಕಣ್ಣಿಗೆ ಕಂಡಿತು, ಆದ್ದರಿಂದ ಸುದ್ದಿಯಾಯಿತು. ಅದರ ಕೊಳೆನೀರು ಸದ್ದಿಲ್ಲದೆ ತೋಡು ಹಿಡಿದು ಫಲ್ಗುಣಿ ನದಿಯ ಕಡೆ ಹರಿಯಿತು. ಕೆಳಗಡೆ ಮಳವೂರಿನಲ್ಲಿ ಕಿಂಡಿ ಅಣೆಕಟ್ಟು; ಅಲ್ಲಿಂದ ಹಲವು ಗ್ರಾಮಗಳಿಗೆ ಕುಡಿಯುವ ನೀರು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಕಸ ಹಾಕಿದ ಸಂಸ್ಥೆ ಒಂದು, ನದಿಯ ನೀರು ಪರೀಕ್ಷಿಸುವ ಸಂಸ್ಥೆ ಇನ್ನೊಂದು, ಆ ನೀರನ್ನು ಎತ್ತಿ ಕುಡಿಸುವ ವ್ಯವಸ್ಥೆ ಮತ್ತೊಂದು, ಕುಡಿಯುವವರು ಪಾಲಿಕೆಯ ಗಡಿಯ ಆಚೆಯವರು. ಇಂಥಲ್ಲಿ ಮೇಲಿನವರು ಕೆಳಗಿನವರಿಗೆ ಗಂಟೆಗಳ ಲೆಕ್ಕದಲ್ಲಿ ಸುದ್ದಿ ಮುಟ್ಟಿಸಲೇಬೇಕು ಎಂಬ ಕಟ್ಟಳೆ ಇಲ್ಲದಿದ್ದರೆ ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದರೂ ಮಳವೂರಿನ ನಳ್ಳಿ ಎಂದಿನಂತೆ ಹರಿಯುತ್ತಿರುತ್ತದೆ. ತುಂಬೆಯ ಮೇಲ್ಗಡೆಯೂ ನೇತ್ರಾವತಿಯ ದಂಡೆಯಲ್ಲಿ ಬಂಟ್ವಾಳ, ಬಿ.ಸಿ. ರೋಡ್, ಉಪ್ಪಿನಂಗಡಿಗಳಿವೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಉಡುಪಿಯ ಇಂದ್ರಾಣಿ ಹೊಳೆಯ ಕೊಳಚೆಯಿಂದ ಬಾವಿಗಳು ಕೆಟ್ಟ ದೂರು ವರ್ಷ ವರ್ಷವೂ ಕೇಳಿ ಕಿವಿ ಜಡ್ಡುಗಟ್ಟಿದೆ. ಅಲ್ಲಿ ನೀರಿನ ವಾಸನೆಯೇ ಪ್ರಕಟಣೆ.

ಈಗ ಕಾಲದ ಪ್ರಶ್ನೆ. ಕೋಲಿಫಾರ್ಮ್ ಪರೀಕ್ಷೆಯೆಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು. ವಿಧಾನಕ್ಕೆ ತಕ್ಕಂತೆ ಒಂದರಿಂದ ಎರಡು ದಿನ, ಖಚಿತಪಡಿಸಿಕೊಳ್ಳಲು ಇನ್ನೂ ಸ್ವಲ್ಪ ಬೇಕು. ಫಲಿತಾಂಶ ಬರುವ ಹೊತ್ತಿಗೆ ಆ ನೀರು ಕುಡಿದು ಮುಗಿದಿರುತ್ತದೆ. ಅದಕ್ಕೇ ತಿಳಿಸುವ ಹಂತದಲ್ಲಿ ಇನ್ನೂ ಮೂರು ದಿನ ಕಳೆಯುವುದು ಅಕ್ಷಮ್ಯ. ಅದಕ್ಕೇ ಕ್ಲೋರಿನ್ ಅಳತೆಗೆ ಬೆಲೆ. ಕೊಳವೆಯ ಕೊನೆಯ ಮನೆಯ ನಳ್ಳಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ಮಾನದಂಡ. ಇದನ್ನು ಅಳೆಯಲು ಪ್ರಯೋಗಾಲಯ ಬೇಡ. ಒಂದು ಸಣ್ಣ ಕೊಳವೆ, ಒಂದು ಮಾತ್ರೆ, ಐದು ನಿಮಿಷ. ನಿನ್ನೆಯವರೆಗೆ ಇದ್ದ ಕ್ಲೋರಿನ್ ಇಂದು ಸೊನ್ನೆಗೆ ಇಳಿದರೆ ದಾರಿಯಲ್ಲಿ ಎಲ್ಲೋ ಕೊಳೆ ಸೇರಿರಬೇಕು, ಇಲ್ಲವೇ ಕ್ಲೋರಿನ್ ಹಾಕಿಯೇ ಇಲ್ಲ. ಎರಡೂ ತಿಳಿಸಬೇಕಾದ ವಿಷಯವೇ. ವಾಲ್ವ್ ತಿರುಗಿಸುವ ಸಿಬ್ಬಂದಿಯ ಮೊಬೈಲಿನಿಂದ ಈ ಅಂಕಿ ಪ್ರತಿದಿನ ಆರೋಗ್ಯಾಧಿಕಾರಿಗೆ ಹೋಗುವಂತೆ ಮಾಡಲು ಯಾವ ಸಾಲ ಯೋಜನೆಯೂ ಬೇಕಿಲ್ಲ.

ಹಾಗೆಂದು ಮಿತಿ ಮೀರಿದ್ದಕ್ಕೆಲ್ಲ ಡಂಗುರ ಸಾರಲು ಹೊರಟರೆ ಕರಾವಳಿಯಲ್ಲಿ ಡಂಗುರ ನಿಲ್ಲುವುದೇ ಇಲ್ಲ. ನಮ್ಮದು ಮುರಕಲ್ಲಿನ ನೆಲ. ಇಲ್ಲಿಯ ಬಾವಿ ನೀರು ಸಹಜವಾಗಿಯೇ ಸ್ವಲ್ಪ ಆಮ್ಲೀಯ, ಪಿಎಚ್ 6.5ಕ್ಕಿಂತ ಕೆಳಗಿರುವುದು ಮಾಮೂಲು, ಅಂದರೆ ಮಾನದಂಡದ ಪ್ರಕಾರ ಅನುತ್ತೀರ್ಣ. ತಲೆತಲಾಂತರದಿಂದ ಕುಡಿದು ಬಂದ ಬಾವಿಗೆ ಕೆಂಪು ಗೆರೆ ಎಳೆದರೆ ಜನ ನಕ್ಕು ವರದಿಯನ್ನೇ ಮೂಲೆಗೆಸೆಯುತ್ತಾರೆ. ಮುಂದೆ ನಿಜವಾಗಿ ಹೆದರಬೇಕಾದ ವರದಿ ಬಂದಾಗಲೂ ಹಾಗೆಯೇ ಎಸೆಯುತ್ತಾರೆ. ಬೇಸಿಗೆಯಲ್ಲಿ ಹೊಳೆಬದಿಯ ಬಾವಿಗಳು ಉಪ್ಪಾಗುವುದೂ ಹಾಗೆ. ಅದನ್ನು ನಾಲಗೆಯೇ ಹೇಳುತ್ತದೆ. ನಾಲಗೆಗೆ ಗೊತ್ತಾಗದ ಇ. ಕೋಲಿ, ನೈಟ್ರೇಟ್, ಸೀಸಗಳಿಗೆ ಗಂಟೆಯ ಲೆಕ್ಕ ಬೇಕು.

ಅಮೆರಿಕದ 1974ರ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆಯಡಿ ರೂಪುಗೊಂಡ ನಿಯಮಗಳು ಈ ಭೇದವನ್ನು ಚೆನ್ನಾಗಿ ಮಾಡಿವೆ. ಇ. ಕೋಲಿ ಕಂಡರೆ ಸರಬರಾಜುದಾರ ಅದೇ ದಿನ ಮುಗಿಯುವುದರೊಳಗೆ ರಾಜ್ಯದ ಪ್ರಾಧಿಕಾರಕ್ಕೆ ತಿಳಿಸಬೇಕು. ಮರುಮಾದರಿಗಳನ್ನು 24 ಗಂಟೆಯೊಳಗೆ ತೆಗೆಯಬೇಕು. ಉಲ್ಲಂಘನೆ ಖಚಿತವಾದರೆ 24 ಗಂಟೆಯೊಳಗೆ ಜನರಿಗೆ ಹೇಳಬೇಕು. ಕೂಡಲೇ ಪ್ರಾಣಕ್ಕೆ ಬಾರದ ಉಲ್ಲಂಘನೆಗಳಿಗೆ 30 ದಿನ, ಪರೀಕ್ಷೆಯ ಸಮಯ, ವಿಧಾನ ತಪ್ಪಿದಂಥ ಲೋಪಗಳಿಗೆ ಒಂದು ವರ್ಷ. ಮೊದಲು ಅಧಿಕಾರಿಗೆ, ಆಮೇಲೆ ಜನರಿಗೆ ಎಂಬ ಈ ಕ್ರಮ 'ಗಾಬರಿ ಹಬ್ಬುತ್ತದೆ' ಎನ್ನುವವರಿಗೂ ಉತ್ತರ. ಮಾದರಿ ತೆಗೆಯುವಾಗ ಬಾಟಲಿಯ ಬಾಯಿಗೆ ಕೈ ತಗುಲಿ ಫಲಿತಾಂಶ ಕೆಡಬಹುದು, ನಿಜ. ಅದನ್ನು ಮರುಮಾದರಿ ತೆಗೆದು ತೀರ್ಮಾನಿಸಲಿ, ಸುಮ್ಮನಿದ್ದು ಬೇಡ. ಕಾನೂನಿದ್ದೂ ಮೋಸ ನಡೆಯುವುದಿಲ್ಲವೇ? ನಡೆಯುತ್ತದೆ. ಅಮೆರಿಕದ ಫ್ಲಿಂಟ್ ನಗರದಲ್ಲಿ 2015ರಲ್ಲಿ ಸೀಸ ಹೆಚ್ಚಿದ್ದ ಎರಡು ಮಾದರಿಗಳನ್ನು ಲೆಕ್ಕದಿಂದ ಕೈಬಿಟ್ಟು ಒಟ್ಟು ಫಲಿತಾಂಶವನ್ನು ಮಿತಿಯೊಳಗೆ ತಂದಿದ್ದರು. ಆದರೆ ಅಲ್ಲಿ ಅದು ಅಪರಾಧದ ವಿಚಾರಣೆಗೆ ದಾರಿಯಾಯಿತು. ನಮ್ಮಲ್ಲಿ ಮಾದರಿ ಕೈಬಿಟ್ಟರೆ ಯಾವ ಕಲಮು ಮುರಿದಂತಾಯಿತು ಎಂದು ವಕೀಲರೇ ಹುಡುಕಬೇಕು.

ಗಾಬರಿಯ ಮಾತಾಡುವವರು 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗ ಹಬ್ಬಿದ ಗಾಬರಿಯನ್ನು ನೆನೆಯಬೇಕು. ನೀರಿಗೆ ವಿಷ ಹಾಕಿದರಂತೆ ಎಂಬ ಗುಲ್ಲೆದ್ದದ್ದು ಅಧಿಕೃತ ಮಾಹಿತಿ ತಡವಾದ ಆ ಎಡೆಯಲ್ಲೇ.

ಪ್ರಕಟಣೆಯಲ್ಲಿ ಏನು ಬರೆಯಬೇಕು ಎಂಬುದೂ ಸಣ್ಣ ಸಂಗತಿಯಲ್ಲ. 'ಕುದಿಸಿ ಕುಡಿಯಿರಿ' ಎಂಬ ಮಂತ್ರ ಬ್ಯಾಕ್ಟೀರಿಯಾಕ್ಕೆ ಸರಿ. ನೈಟ್ರೇಟ್ ಇರುವ ನೀರನ್ನು ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಗಟ್ಟಿಯಾಗುತ್ತದೆ. ಹಸುಗೂಸಿಗೆ ಆ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಅಪಾಯ ಹೆಚ್ಚು. ನಮ್ಮ ಹೋಟೆಲುಗಳಲ್ಲಿ ಬಿಸಿನೀರು ಕೇಳಿದರೆ ಕುದಿಸಿದ ನೀರಿಗೆ ಅರ್ಧ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ತಂದಿಡುವ ಪದ್ಧತಿಯೂ ಒಂದಿದೆ. ಅದನ್ನು ಮಾಡಬೇಡಿ ಎಂದು ಪ್ರಕಟಣೆ ಬಿಡಿಸಿ ಹೇಳಬೇಕಾಗುತ್ತದೆ. ಕನ್ನಡದಲ್ಲಿ ಮಾತ್ರವಲ್ಲ, ಆಟೋಗೆ ಮೈಕು ಕಟ್ಟಿ ತುಳುವಿನಲ್ಲಿ, ಬ್ಯಾರಿಯಲ್ಲಿ, ಬೈಕಂಪಾಡಿಯ ಕಾರ್ಮಿಕರ ಕೋಣೆಗಳ ಮುಂದೆ ಹಿಂದಿಯಲ್ಲೂ.

ಕಾಯ್ದೆ ಬರುವವರೆಗೆ ಕಾಯುತ್ತ ಕೂರಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 7ನೇ ಕಲಮಿನಲ್ಲಿ ಜೀವಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯೊಳಗೆ ಕೊಡಬೇಕು ಎಂದಿದೆ. ನೀರಿನ ವರದಿ ಕೇಳುವವರು 30 ದಿನದ ಅರ್ಜಿ ಹಾಕುವ ಬದಲು ಈ ಮಾತನ್ನು ಉಲ್ಲೇಖಿಸಿಯೇ ಕೇಳಬೇಕು. ಕೇಳದೆಯೇ ಪ್ರಕಟಿಸಿ ಎಂದು 4ನೇ ಕಲಮು ಹೇಳುತ್ತದೆ. ಕೆಟ್ಟ ವರದಿಯ ಒಂದು ಪ್ರತಿ ಅದೇ ದಿನ ಜಿಲ್ಲಾ ಆರೋಗ್ಯಾಧಿಕಾರಿಗೆ ಹೋಗಬೇಕು ಎಂಬ ಷರತ್ತನ್ನು ಪಾಲಿಕೆ, ನಗರಸಭೆಗಳು ಪ್ರಯೋಗಾಲಯಗಳೊಂದಿಗಿನ ಕರಾರಿನಲ್ಲಿ ಇಂದೇ ಸೇರಿಸಬಹುದು. ಗ್ರಾಹಕನೇ ಒಪ್ಪಿದ ಮೇಲೆ ಗುಟ್ಟಿನ ನೆಪವಿಲ್ಲ.

ಇಷ್ಟಾದರೂ ಖಾಸಗಿ ಬಾವಿಗಳು ಉಳಿದುಬಿಡುತ್ತವೆ. ಅಮೆರಿಕದ ಕಾಯ್ದೆಯೂ ಮನೆಬಾವಿಯನ್ನು ಮುಟ್ಟುವುದಿಲ್ಲ. ನಮ್ಮ ಎರಡೂ ಜಿಲ್ಲೆಗಳಲ್ಲಿ ಮನೆಗೊಂದು ಬಾವಿ. ಸಮಸ್ಯೆಯ ದೊಡ್ಡ ಪಾಲು ಇಲ್ಲಿಯೇ. ಇಂಗುಗುಂಡಿಗೂ ಬಾವಿಗೂ ಕನಿಷ್ಠ 15 ಮೀಟರ್ ಅಂತರ ಬೇಕು ಎನ್ನುವುದು ರೂಢಿಯ ಸಲಹೆ. ಐದು ಸೆಂಟ್ಸ್ ಜಾಗವೆಂದರೆ ಹೆಚ್ಚುಕಡಿಮೆ 14 ಮೀಟರ್ ಉದ್ದ, 14 ಮೀಟರ್ ಅಗಲ. ಮನೆ ಕಟ್ಟಿ ಉಳಿದ ಜಾಗದಲ್ಲಿ ಎರಡನ್ನೂ ಎಷ್ಟು ದೂರ ಇಡಲು ಸಾಧ್ಯ? ನಿಮ್ಮ ಗುಂಡಿಯಿಂದ ದೂರ ಸರಿಸಿದ ಬಾವಿ ಪಕ್ಕದ ಮನೆಯವರ ಗುಂಡಿಗೆ ಹತ್ತಿರವಾಗುತ್ತದೆ. ಮುರಕಲ್ಲಿನ ತೂತುಗಳಲ್ಲಿ ಮಳೆಗಾಲದ ನೀರು ಬೇಲಿ ನೋಡಿ ಹರಿಯುವುದಿಲ್ಲ. ಆದ್ದರಿಂದ ಒಂದು ಬಾವಿಯಲ್ಲಿ ಇ. ಕೋಲಿ ಕಂಡರೆ ಸುತ್ತಲಿನ ನಾಲ್ಕು ಮನೆಗಳಿಗೆ ತಿಳಿಯಬೇಕು. ಮನೆಯವರ ಹೆಸರು ಹಾಕಬೇಕಿಲ್ಲ, ವಿಷಯ ತಿಳಿದರೆ ಸಾಕು. ವರದಿ ಪಂಚಾಯತಿನ ಪಿಡಿಒಗೆ ತಲುಪಿ, ಅಲ್ಲಿಂದ ಆಶಾ ಕಾರ್ಯಕರ್ತೆ ಬ್ಲೀಚಿಂಗ್ ಪುಡಿಯೊಂದಿಗೆ ಆ ಮನೆಗಳಿಗೆ ಹೋಗುವುದು ಇದರ ಸರಳ ರೂಪ. ಸಾವಿರ ಲೀಟರಿಗೆ ಒಳ್ಳೆಯ ಪುಡಿಯಾದರೆ ಎರಡೂವರೆ ಗ್ರಾಂ. ಎರಡು ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 12,500 ಲೀಟರ್, ಅಂದರೆ ಮೂವತ್ತು ಗ್ರಾಂ ಚಿಲ್ಲರೆ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಬಿಟ್ಟು, ಒಂದು ಗಂಟೆ ಸೇದಬಾರದು. ಗುಂಡಿ ಸೋರುತ್ತಲೇ ಇದ್ದರೆ ಇದರ ಫಲ ಕೆಲವೇ ದಿನ. ಆಮೇಲಿನ ಮರುಮಾದರಿಯೂ ಕೆಟ್ಟದ್ದೇ ಬಂದರೆ ಆ ವರದಿಯನ್ನು ಪಿಡಿಒ ಆಶಾ ಕಾರ್ಯಕರ್ತೆಗೆ ಮತ್ತೆ ದಾಟಿಸಿ ಕೈ ತೊಳೆದುಕೊಳ್ಳಬಾರದು. ಗುಂಡಿ ಎಲ್ಲಿದೆ ಎಂದು ತಾವೇ ಹೋಗಿ ನೋಡಬೇಕು.